ದುಡ್ಡೆಲ್ಲ ಹಿಂದಿನ ಚಕ್ರಕ್ಕೆ ಹಾಕಿ

ಸೈಕಲ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಳೇ ಸ್ಟೀಲ್ ಸೈಕಲ್‌ಗಳ ಬಗ್ಗೆಯೇ. ಎಲ್ಲರಿಗೂ ಅದರ ಮೇಲೆ ಸಾಮಾನು ಹೇರಿಕೊಂಡು ದೂರ ಹೋಗುವ ಆಸೆ. ಮಂಗಳೂರಿನವರ ಪತ್ರಕ್ಕೆ ಉತ್ತರ ಉದ್ದವಾಯಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಬೇಕಾದದ್ದು ಅದರಲ್ಲೇ ಇದೆ.

ಪ್ರಶ್ನೆ: ಸರ್, ನಮ್ಮ ಭಾವ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಒಂದು ಹಳೇ ಡಾಸ್ ಗ್ಯಾಲಕ್ಸಿ ಸೈಕಲ್ ತಂದಿದ್ದಾರೆ. 1980ರ ಆಸುಪಾಸಿನದು. ಚಕ್ರ 27 ಇಂಚು, ಹಿಂದೆ 6 ಗೇರಿನ ಫ್ರೀವೀಲ್, ದೊಡ್ಡ ಹಲ್ಲು 28. ಮುಂದೆ 52 ಮತ್ತು 40 ಹಲ್ಲಿನ ಎರಡು ಚೈನ್‌ವೀಲ್. ಫ್ರೇಮ್ ಮೇಲೆ ರೆನಾಲ್ಡ್ಸ್ 531 ಅಂತ ಸ್ಟಿಕ್ಕರ್ ಇದೆ. ಡೇರೆ, ಅಡುಗೆ ಸಾಮಾನು ಸೇರಿ 30 ಕೆ.ಜಿ. ಹೇರಿಕೊಂಡು ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಹೋಗಬೇಕು ಅಂತಿದ್ದೇನೆ. ನನ್ನ ತೂಕ 82 ಕೆ.ಜಿ. ಫ್ರೇಮ್ ತಡೆಯುತ್ತಾ? ಮೊದಲು ಪೇಂಟ್ ಮಾಡಿಸಲಾ?
— ಮಂಗಳೂರಿನ ಓದುಗರು

ಉತ್ತರ: ಫ್ರೇಮ್ ತಡೆಯುತ್ತೆ. ನೀವು ಚಿಂತೆ ಮಾಡಬೇಕಾದದ್ದು ಹಿಂದಿನ ಚಕ್ರದ ಬಗ್ಗೆ. ಪೇಂಟ್ ಕೊನೆಗೆ, ಅದೂ ದುಡ್ಡು ಉಳಿದರೆ.

ಗ್ಯಾಲಕ್ಸಿ 1971ರಲ್ಲಿ ಶುರುವಾದ ಮಾದರಿ. ಅಂಗಡಿಯಿಂದ ತಂದು ಹಾಗೇ ಊರು ಸುತ್ತಲು ಹೊರಡಬಹುದಾದ ಸೈಕಲ್ ಅಂತ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು. ಡಾಸ್ ಕಂಪನಿಯೂ ಬರ್ಮಿಂಗ್‌ಹ್ಯಾಮಿನದು, ಕೊಳವೆ ಕೊಟ್ಟ ರೆನಾಲ್ಡ್ಸೂ ಅದೇ ಊರಿನದು. 531 ಅನ್ನುವುದು ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಸೇರಿಸಿದ ಸ್ಟೀಲ್, 1935ರಿಂದ ಮಾರಾಟಕ್ಕೆ ಬಂತು. ಜಾಗ್ವಾರ್ ಇ-ಟೈಪ್ ಕಾರಿನ ಮುಂದಿನ ಸಬ್‌ಫ್ರೇಮಿಗೂ ಅದನ್ನೇ ಬಳಸಿದ್ದರು. ನಿಮ್ಮ 30 ಕೆ.ಜಿ. ಅದಕ್ಕೆ ದೊಡ್ಡ ಮಾತಲ್ಲ. ಆದರೆ ಸ್ಟಿಕ್ಕರನ್ನು ಪೂರ್ತಿ ಓದಿ. ಫ್ರೇಮ್ ಟ್ಯೂಬ್ಸ್ ಅಂತ ಮಾತ್ರ ಇದ್ದರೆ ಮೂರು ಮುಖ್ಯ ಕೊಳವೆ ಮಾತ್ರ 531. ಫೋರ್ಕ್ಸ್ (ಮುಂದಿನ ಚಕ್ರ ಹಿಡಿಯುವ ಕವಲು), ಸ್ಟೇಸ್ (ಹಿಂದಿನ ಚಕ್ರದ ಕಡೆ ಹೋಗುವ ತೆಳು ಕೊಳವೆಗಳು) ಅಂತಲೂ ಇದ್ದರೆ ಪೂರ್ತಿ ಅದೇ. ಹೊರೆಗೆ ಎರಡೂ ನಡೆಯುತ್ತೆ.

ನಲವತ್ತು ವರ್ಷ ಹಳೆಯದು, ಈಗ ಇರುವುದು ಕಡಲ ಉಪ್ಪುಗಾಳಿಯ ಊರಿನಲ್ಲಿ. ಹಾಗಾಗಿ ನೋಡಲೇಬೇಕಾದ ಜಾಗಗಳಿವೆ. ಹ್ಯಾಂಡಲ್ ಕೊಳವೆಯಿಂದ ಕೆಳಗಿಳಿಯುವ ದಪ್ಪ ಕೊಳವೆ ಇದೆಯಲ್ಲ, ಅದರ ಅಡಿಭಾಗದಲ್ಲಿ ಮೊದಲ ಎರಡು ಇಂಚಿನ ಮೇಲೆ ಹೆಬ್ಬೆರಳು ಸವರಿ. ಸಣ್ಣ ಉಬ್ಬು ಸಿಕ್ಕಿತು, ಅಲ್ಲೇ ಪೇಂಟ್ ಅಡ್ಡಡ್ಡ ಬಿರಿದಿದೆ ಅಂದರೆ ಸೈಕಲ್ ಹಿಂದೊಮ್ಮೆ ಎದುರಿಗೆ ಗುದ್ದಿದೆ. ಅಂಥದ್ದನ್ನು ಹೊರೆಗೆ ಬಳಸಬೇಡಿ, ಗೋಡೆಗೆ ನೇತುಹಾಕಿ. ಹಿಂದಿನ ಆಕ್ಸಲ್ ಕೂರುವ ಡ್ರಾಪ್‌ಔಟ್ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಆಮೇಲೆ ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ಕೋಲು) ಬಿಚ್ಚಿ, ಬಿ.ಬಿ. (ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಅಚ್ಚು ಮತ್ತು ಗುಂಡುಗಳು) ತೆಗೆದು ಒಳಗೆ ಟಾರ್ಚ್ ಬಿಡಿ. ಕಂದು ಪುಡಿ ಬಂದರೆ ಪರವಾಗಿಲ್ಲ. ಹಪ್ಪಳದಂಥ ಚಕ್ಕೆ ಉದುರಿದರೆ ಸ್ಕ್ರೂಡ್ರೈವರ್ ತುದಿಯಿಂದ ಕೆಳಗಿನ ಕೊಳವೆಗಳನ್ನು ಗಟ್ಟಿಯಾಗಿ ಒತ್ತಿ ನೋಡಿ. ಒಳಗೆ ಹೋಗಲಿಲ್ಲವಾ, ಫ್ರೇಮ್ ಪಾಸು.

ತುಕ್ಕು ಮುಂದೆ ಹೋಗದಿರಲು ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಅಂತ ಕೇಳಿ, ಪೇಂಟರ್‌ಗಳು ಬಳಸುವ ಅಗಸೆ ಎಣ್ಣೆ. ಕೊಳವೆಗಳೊಳಗೆ ಹುಯ್ದು, ಫ್ರೇಮನ್ನು ಎಲ್ಲ ಕಡೆ ಹೊರಳಿಸಿ, ಬಸಿಯಲು ಬಿಡಿ. ಕೆಲವು ದಿನದಲ್ಲಿ ಒಳಗೆ ಪದರವಾಗಿ ಒಣಗುತ್ತೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳುತ್ತೆ. ನೀರಲ್ಲಿ ನೆನೆಸಿ ಬಿಸಾಡಿ.

ಈಗ ಚಕ್ರ. ಹೊರೆ ಹೇರಿದ ಸೈಕಲ್‌ನಲ್ಲಿ ಮೊದಲು ಸೋಲುವುದು ಹಿಂದಿನ ಚಕ್ರದ ಸ್ಪೋಕ್. ಜನ ತಿಳಿದಿರುವುದು ತೂಕಕ್ಕೆ ಸ್ಪೋಕ್ ಎಳೆದು ತುಂಡಾಗುತ್ತೆ ಅಂತ. ಹಾಗಲ್ಲ. ಚಕ್ರ ತಿರುಗುವಾಗ ನೆಲದ ಕಡೆ ಬಂದ ಸ್ಪೋಕಿನ ಬಿಗಿ ಕಡಿಮೆಯಾಗುತ್ತೆ, ಮೇಲೆ ಹೋದಾಗ ವಾಪಸ್ ಬರುತ್ತೆ. ಒಂದು ಕಿಲೋಮೀಟರಿಗೆ ಸುಮಾರು 460 ಸಲ ಇದೇ ಆಟ. ಮೊದಲೇ ಸಡಿಲ ಇದ್ದ ಸ್ಪೋಕ್ ಆಗ ಪೂರ್ತಿ ಸಡಿಲವಾಗಿ, ಹಬ್ಬಿನ ಹತ್ತಿರದ ಕೊಕ್ಕೆಯಲ್ಲಿ ಅಲುಗಾಡುತ್ತೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಒಂದು ದಿನ ಟಪ್ ಅನ್ನುತ್ತೆ. ಅದಕ್ಕೇ ನಾನು ಹೊರೆ ಚಕ್ರವನ್ನು ಬಿಗಿಯಾಗಿ ಕಟ್ಟುತ್ತೇನೆ. ಸ್ಪೋಕ್ ಕೂಡ ನಡು ತೆಳುವಾದದ್ದೇ ಬೇಕು, ತುದಿಯಲ್ಲಿ 2 ಮಿ.ಮೀ., ನಡುವೆ 1.8. ತೆಳು ಸ್ಪೋಕ್ ಹೊರೆಗೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ತೆಳು ನಡು ರಬ್ಬರಿನಂತೆ ಕೊಂಚ ಜಾಸ್ತಿ ಹಿಗ್ಗಿರುತ್ತೆ, ಹಾಗಾಗಿ ನೆಲದ ಕಡೆ ಬಂದಾಗಲೂ ಪೂರ್ತಿ ಸಡಿಲವಾಗಲ್ಲ, ಪಕ್ಕದವುಗಳ ಜೊತೆ ಭಾರ ಹಂಚಿಕೊಳ್ಳುತ್ತೆ.

ಕಟ್ಟಿ, ಬೆಂಡ್ ತೆಗೆದಾದ ಮೇಲೆ ಒಂದು ಕೆಲಸವನ್ನು ಅವಸರದಲ್ಲಿ ಎಲ್ಲರೂ ಬಿಡುತ್ತಾರೆ. ಒಂದೇ ಕಡೆಗೆ ಓರೆಯಾಗಿ ಹೋಗುವ ಎರಡೆರಡು ಸ್ಪೋಕನ್ನು ಮುಷ್ಟಿಯಲ್ಲಿ ಹಿಡಿದು, ಅಂಗೈ ನೋಯುವಷ್ಟು ಜೋರಾಗಿ ಹಿಂಡಬೇಕು. ಗ್ಲೌಸ್ ಹಾಕಿಕೊಳ್ಳಿ. ಚಕ್ರದ ಸುತ್ತ, ಎರಡೂ ಕಡೆ. ಕಟಕಟ ಅನ್ನುತ್ತೆ, ಕೊಕ್ಕೆಗಳು ಹಬ್ಬಿನ ತೂತಿನಲ್ಲಿ ಸರಿಯಾಗಿ ಕೂರುತ್ತವೆ. ಮತ್ತೆ ಬೆಂಡ್ ನೋಡಿ, ಇನ್ನೊಮ್ಮೆ ಹಿಂಡಿ. ಸದ್ದು ನಿಂತು, ಚಕ್ರ ಅಲುಗದೆ ನಿಂತಾಗ ಕೆಲಸ ಮುಗಿಯಿತು. ಆಮೇಲೆ ಒಂದೊಂದಾಗಿ ಬೆರಳಲ್ಲಿ ಮೀಟಿ. ಒಂದೇ ಕಡೆಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ನಮ್ಮ ಅಪ್ಪ ಮೈಸೂರಿನ ಅಂಗಡಿಯಲ್ಲಿ ರೇಡಿಯೋ ಆರಿಸಿಯೇ ಚಕ್ರ ಮೀಟುತ್ತಿದ್ದರು.

ಹಬ್ಬು ಯಾವುದು? ನಿಮ್ಮದು ಫ್ರೀವೀಲ್ ತಿರುಗಿಸಿ ಹಾಕುವ ಹಳೇ ಹಬ್ಬು. ಅದರಲ್ಲಿ ಬಲಗಡೆಯ ಗುಂಡುಗಳು ಫ್ರೀವೀಲಿನ ಒಳಗಡೆ, ಡ್ರಾಪ್‌ಔಟಿನಿಂದ ಬಹಳ ದೂರ. ನಡುವಿನ ಆಕ್ಸಲ್‌ಗೆ ಆಸರೆ ಇಲ್ಲ. ಹೊರೆ ಬಿದ್ದರೆ ಆಕ್ಸಲ್ ಬಾಗುತ್ತೆ, ಮುರಿಯುತ್ತೆ. ಕ್ಯಾಸೆಟ್ ಹಬ್ಬಿನಲ್ಲಿ (ಗೇರಿನ ಹಲ್ಲುಚಕ್ರಗಳನ್ನು ಹಬ್ಬಿನ ಮೇಲೇ ತೂರಿಸುವ ಹೊಸ ಬಗೆ) ಬಲಗಡೆ ಗುಂಡುಗಳು ತುದಿಯಲ್ಲೇ ಇರುತ್ತವೆ. 36 ತೂತಿನ, 135 ಮಿ.ಮೀ. ಅಗಲದ ಮೌಂಟನ್ ಬೈಕ್ ಹಬ್ಬು ತೆಗೆದುಕೊಳ್ಳಿ. 130ರ ಹಬ್ಬೂ ಸಿಗುತ್ತೆ, ಆದರೆ 135ರಲ್ಲಿ ಬಲಗಡೆಯ ಸ್ಪೋಕ್‌ಗಳಿಗೆ ಸ್ವಲ್ಪ ಜಾಸ್ತಿ ಓರೆ ಸಿಕ್ಕಿ, ಎಡಗಡೆಯವೂ ಬಿಗಿಯಾಗಿ ನಿಲ್ಲುತ್ತವೆ. ನಿಮ್ಮ ಫ್ರೇಮಿನ ಎರಡು ಹಿಂದಿನ ಡ್ರಾಪ್‌ಔಟ್‌ಗಳ ನಡುವೆ ಬಹುಶಃ 126 ಇದೆ, ಅಳೆದು ನೋಡಿ. ಅಗಲ ಮಾಡುವುದು ಹೇಗೆ ಅಂತ ಮುಂದಿನ ಉತ್ತರದಲ್ಲಿದೆ.

ರಿಮ್ಮು 27ರ ಬದಲು 700ಸಿ ಹಾಕಿ. 27 ಇಂಚಿನ ಟಯರ್ ಕೂರುವ ಜಾಗದ ಅಡ್ಡಳತೆ 630 ಮಿ.ಮೀ., 700ಸಿದು 622. ಬ್ರೇಕ್ ಕಟ್ಟೆ 4 ಮಿ.ಮೀ. ಕೆಳಗೆ ಇಳಿಸಿದರೆ ಸಾಕು, ಮಡ್‌ಗಾರ್ಡ್‌ಗೂ 35 ಮಿ.ಮೀ. ಅಗಲದ ಟಯರ್‌ಗೂ ಜಾಗ ಸಿಗುತ್ತೆ. ಎರಡು ಗೋಡೆಯ ಅಲ್ಯೂಮಿನಿಯಂ ರಿಮ್ಮೇ ಇರಲಿ. ಸ್ಟೀಲ್ ರಿಮ್ ಮಳೆಯಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ, ನಿಮ್ಮ ಕಡೆಯ ಮಳೆ ಬಗ್ಗೆ ನಾನು ಹೇಳಬೇಕಾ? ಹಳೇ ಬ್ರೇಕ್ ರಬ್ಬರ್ ಕಲ್ಲಾಗಿರುತ್ತೆ, ಯೋಚನೆಯೇ ಬೇಡ, ಬದಲಾಯಿಸಿ. ಇನ್ನೊಂದು ಮಾತು. ನಮ್ಮ ಹಳ್ಳಿಗಳಲ್ಲಿ ಸಿಗುವ 28 ಇಂಚಿನ ಟಯರ್ 635 ಮಿ.ಮೀ.ದು. ಕೆಲವು ಅಂಗಡಿಯವರು 700ಸಿಗೂ 28 ಅಂತಲೇ ಅನ್ನುತ್ತಾರೆ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಮಡಚುವ ಟಯರ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಿ, ಕೊಟ್ಟಿಗೆಹಾರದಲ್ಲಿ ಹುಡುಕಬೇಡಿ.

ಗೇರಿನ ಲೆಕ್ಕ ಕೇಳಿ. ಈಗಿರುವ ಅತಿ ಸುಲಭದ ಗೇರು ಮುಂದೆ 40, ಹಿಂದೆ 28. ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ಗಂಟೆಗೆ 11 ಕಿ.ಮೀ. ವೇಗ. ಒಟ್ಟು ಒಂದು ಕ್ವಿಂಟಾಲ್ ದಾಟಿದ ತೂಕ ಇಟ್ಟುಕೊಂಡು ಚಾರ್ಮಾಡಿಯನ್ನು 11ರಲ್ಲಿ ಹತ್ತುತ್ತೀರಾ? ಆಗಲ್ಲ. ನಿಧಾನ ಮಾಡಿದರೆ ಮಂಡಿ ಹೋಗುತ್ತೆ. ಮುಂದೆ 42-32-22 ಹಲ್ಲಿನ ಕ್ರ್ಯಾಂಕ್ ಹಾಕಿ, ಹಿಂದೆ 8 ಗೇರಿನ 11-34 ಕ್ಯಾಸೆಟ್. ಅದೇ 60 ಸುತ್ತಿಗೆ ಗಂಟೆಗೆ 5 ಕಿ.ಮೀ., ಕೂತುಕೊಂಡೇ ಹತ್ತಬಹುದು. ಬಿ.ಬಿ. ಇಂಗ್ಲಿಷ್ ಥ್ರೆಡ್‌ನದು, ಕಾರ್ಟ್ರಿಜ್ ಬಿ.ಬಿ. ಸುಲಭವಾಗಿ ಸಿಗುತ್ತೆ. ಬಲಗಡೆಯ ಕಪ್ ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು, ಗೊತ್ತಿರಲಿ. ಕೆಳಗಿನ ಕೊಳವೆ ಮೇಲಿರುವ ಗೇರ್ ಲಿವರ್‌ಗಳನ್ನು ಮಾತ್ರ ತೆಗೆಯಬೇಡಿ. ಕ್ಲಿಕ್ ಇಲ್ಲದ ಲಿವರ್ ಯಾವ ಕ್ಯಾಸೆಟ್ ಹಾಕಿದರೂ ಕೆಲಸ ಮಾಡುತ್ತೆ, ಕಾಡಿನ ಮಧ್ಯೆ ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಉದ್ದ ಕಾಲಿನದು ಬೇಕಾಗುತ್ತೆ.

ಪ್ರಶ್ನೆ: ಸರ್, ನನ್ನ ಹತ್ತಿರ ಹಳೇ ಸ್ಟೀಲ್ ಟೂರಿಂಗ್ ಸೈಕಲ್ ಇದೆ, ಹಿಂದಿನ ಅಗಲ 126 ಮಿ.ಮೀ. ಹೊಸ ಹಬ್ಬು 135. ನಮ್ಮೂರ ವೆಲ್ಡಿಂಗ್ ಅಂಗಡಿಯವರು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಅಗಲ ಮಾಡಿಕೊಡ್ತೀನಿ ಅಂತಿದ್ದಾರೆ. ಮಾಡಿಸಲಾ?
— ಹುಬ್ಬಳ್ಳಿಯ ಓದುಗರು

ಉತ್ತರ: ಬೇಡವೇ ಬೇಡ! ಆ ಕೊಳವೆಗಳು ತೆಳು, ಹಿತ್ತಾಳೆ ಬೆಸುಗೆಯಲ್ಲಿ ಕೂಡಿಸಿದವು. ಕೆಂಪಗೆ ಕಾಯಿಸಿದರೆ ಗಟ್ಟಿತನ ಹೋಗುತ್ತೆ, ಬೆಸುಗೆಯೂ ಬಿಡಬಹುದು. ಸ್ಟೀಲನ್ನು ತಣ್ಣಗಿದ್ದಾಗಲೇ ಬಗ್ಗಿಸಬೇಕು. ನಿಮಗೆ ಬೇಕಿರುವುದು ಒಟ್ಟು 9 ಮಿ.ಮೀ., ಒಂದೊಂದು ಕಡೆಗೆ ನಾಲ್ಕೂವರೆ. ಅಷ್ಟನ್ನು ಒಳ್ಳೇ ಸ್ಟೀಲ್ ತಡೆಯುತ್ತೆ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿನವರು ಈ ಉತ್ತರ ಓದಿಯೇ ಇಲ್ಲ ಅಂದುಕೊಳ್ಳಿ.

ಮೊದಲು ದಾರ. ಎಡ ಡ್ರಾಪ್‌ಔಟಿಗೆ ಕಟ್ಟಿ, ಹ್ಯಾಂಡಲ್ ಕೊಳವೆ ಸುತ್ತಿಸಿ, ಬಲ ಡ್ರಾಪ್‌ಔಟಿಗೆ ತಂದು ಬಿಗಿಯಾಗಿ ಕಟ್ಟಿ. ಸೀಟ್ ಕೊಳವೆಯಿಂದ ಎರಡೂ ಕಡೆಯ ದಾರಕ್ಕೆ ಎಷ್ಟು ದೂರ ಅಂತ ವರ್ನಿಯರ್‌ನಲ್ಲಿ ಅಳೆಯಿರಿ. ಎಷ್ಟೋ ಹಳೇ ಫ್ರೇಮ್ ಮೊದಲೇ ಒಂದು ಕಡೆಗೆ ವಾಲಿರುತ್ತೆ, ಆ ಲೆಕ್ಕವನ್ನೂ ಇಲ್ಲೇ ಸರಿ ಮಾಡಬಹುದು. ಒಂದು ಗಟ್ಟಿ ರೀಪಿಗೆ ಬಟ್ಟೆ ಸುತ್ತಿ. ಹಿಂದಿನ ತ್ರಿಕೋನದೊಳಗೆ ತೂರಿಸಿ, ಸೀಟ್ ಕೊಳವೆಗೆ ಆನಿಸಿ, ಒಂದು ಕಡೆಯ ಡ್ರಾಪ್‌ಔಟ್ ಹತ್ತಿರ ಒಳಗಿನಿಂದ ಹೊರಕ್ಕೆ ಮೀಟಿ. ಬಿಟ್ಟ ತಕ್ಷಣ ಫ್ರೇಮ್ ವಾಪಸ್ ಬರುತ್ತೆ. ಗಾಬರಿ ಬೇಡ, ಸ್ಪ್ರಿಂಗ್ ಗುಣ ಅದು. ನಾಲ್ಕು ಮಿ.ಮೀ. ನಿಲ್ಲಬೇಕಾದರೆ ಅದಕ್ಕಿಂತ ಬಹಳ ಜಾಸ್ತಿ ಎಳೆಯಬೇಕು. ಸ್ವಲ್ಪ ಎಳೆಯಿರಿ, ಅಳೆಯಿರಿ. ಇನ್ನೊಂದಿಷ್ಟು ಎಳೆಯಿರಿ, ಅಳೆಯಿರಿ. ಆಮೇಲೆ ಇನ್ನೊಂದು ಕಡೆ. ಎರಡೂ ಡ್ರಾಪ್‌ಔಟಿನ ನಡುವೆ ಥ್ರೆಡ್ ಸರಳು ಇಟ್ಟು ನಟ್ಟಿನಿಂದ ತಳ್ಳುವವರಿದ್ದಾರೆ. ನನಗೆ ಅದು ಹಿಡಿಸಲ್ಲ, ಮೆತ್ತಗಿರುವ ಕಡೆಯೇ ಪೂರ್ತಿ ಬಗ್ಗುತ್ತೆ.

ಅಗಲ ಸರಿಯಾಯಿತು ಅಂತ ಚಕ್ರ ಹಾಕಿಬಿಡಬೇಡಿ. ಈಗ ಎರಡೂ ಡ್ರಾಪ್‌ಔಟ್ ಹೊರಕ್ಕೆ ಮುಖ ಮಾಡಿರುತ್ತವೆ. ಹಾಗೇ ಬಿಗಿದರೆ ಆಕ್ಸಲ್ ಬಾಗಿ ಕೂತು, ಹೊರೆಗೆ ಮುರಿಯುತ್ತೆ. 10 ಮಿ.ಮೀ.ನ ಎರಡು ಉದ್ದ ಬೋಲ್ಟ್ ತನ್ನಿ, ಒಂದೊಂದು ಡ್ರಾಪ್‌ಔಟಿಗೆ ನಟ್ಟು ಹಾಕಿ ಒಳಮುಖವಾಗಿ ಬಿಗಿಯಿರಿ. ನಡುವೆ ಅವುಗಳ ತುದಿಗಳು ಎದುರೆದುರು ನೇರ ಬರಬೇಕು. ಬರದಿದ್ದರೆ ದೊಡ್ಡ ಪಾನಾದಲ್ಲಿ ಹಿಡಿದು ಡ್ರಾಪ್‌ಔಟನ್ನು ಮಾತ್ರ ತಿರುಚಿ ಸರಿಮಾಡಿ.

ಪ್ರಶ್ನೆ: ನಮ್ಮಪ್ಪ 28 ಇಂಚಿನ ಸೈಕಲ್ ಮೇಲೆ ಎರಡು ಮೂಟೆ ಭತ್ತ ತರುತ್ತಿದ್ದರು. ಇಷ್ಟೆಲ್ಲ ವಿಲಾಯತಿ ಸರ್ಕಸ್ ಯಾಕೆ ಸರ್? ಅದರ ಮೇಲೇ ಟೂರ್ ಹೋಗಬಾರದಾ?
— ಗಂಗಾವತಿಯ ಓದುಗರು

ಉತ್ತರ: ಧಾರಾಳವಾಗಿ ಹೋಗಿ. ಆ ಸೈಕಲ್ಲೂ ಮೂಲದಲ್ಲಿ ವಿಲಾಯತಿಯೇ, ಮುಂದೆ 32 ಸ್ಪೋಕ್, ಹಿಂದೆ 40 ಅನ್ನುವುದು ಬ್ರಿಟಿಷರ ಹಳೇ ಲೆಕ್ಕ. ಹೊರೆ ಹಿಂದೆ ಬೀಳುತ್ತೆ ಅಂತ ಗೊತ್ತಿದ್ದವರು ಮಾಡಿದ ಲೆಕ್ಕ ಅದು, ಇವತ್ತಿಗೂ ಸರಿ. ಕ್ಯಾರಿಯರೂ ಗಟ್ಟಿ. ಆದರೆ ನಿಮ್ಮಪ್ಪ ಮೂಟೆ ತಂದದ್ದು ಸಮತಟ್ಟು ದಾರಿಯಲ್ಲಿ, ದಿಬ್ಬ ಬಂದರೆ ಇಳಿದು ತಳ್ಳುತ್ತಿದ್ದರು, ಅಲ್ವಾ? ಒಂದೇ ಗೇರು, ಸ್ಟೀಲ್ ರಿಮ್ಮು, ಕಡ್ಡಿ ಬ್ರೇಕು. ಗಂಗಾವತಿಯಿಂದ ಆನೆಗೊಂದಿ, ಹಂಪಿ ಸುತ್ತಲು ಅದು ಬೇಕಾದಷ್ಟಾಯಿತು. ಘಟ್ಟ ಇಳಿಯಲು ಬೇಡ.

ಪ್ರಶ್ನೆ: ಸಾಮಾನು ಪೂರ್ತಿ ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಶಿರಾಡಿ ಇಳಿಯುವಾಗ 40ರ ವೇಗದಲ್ಲಿ ಹ್ಯಾಂಡಲ್ ಗಡಗಡ ನಡುಗಿತು. ಬಿಗಿಯಾಗಿ ಹಿಡಿದಷ್ಟೂ ಜಾಸ್ತಿಯಾಯಿತು. ಫ್ರೇಮ್ ಹೋಗಿದೆಯಾ?
— ಸಕಲೇಶಪುರದ ಓದುಗರು

ಉತ್ತರ: ಫ್ರೇಮಿಗೆ ಏನೂ ಆಗಿರಲಿಕ್ಕಿಲ್ಲ. ಮತ್ತೆ ಹಾಗಾದರೆ ಹ್ಯಾಂಡಲ್ ಹಿಡಿತ ಸ್ವಲ್ಪ ಸಡಿಲಿಸಿ, ಎರಡೂ ಮಂಡಿಗಳ ನಡುವೆ ಬಾರ್ ಅವುಕಿ ಹಿಡಿಯಿರಿ, ಸೀಟಿನಿಂದ ಒಂದಿಷ್ಟು ಎದ್ದು ಮೆಲ್ಲಗೆ ಬ್ರೇಕ್ ಹಾಕಿ. ನಡುಕ ನಿಲ್ಲುತ್ತೆ. ಮನೆಗೆ ಬಂದು ಹೆಡ್‌ಸೆಟ್ (ಫೋರ್ಕ್ ತಿರುಗುವ, ಹ್ಯಾಂಡಲ್ ಕೊಳವೆಯ ಗುಂಡುಗಳು) ಸಡಿಲ ಇದೆಯಾ ನೋಡಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ತಳ್ಳಿದರೆ ಟಕ್ ಟಕ್ ಅನ್ನಬಾರದು.

ಆದರೆ ನಿಜವಾದ ಕಾರಣ ನೀವೇ ಬರೆದಿದ್ದೀರಿ, ಸಾಮಾನು ಪೂರ್ತಿ ಹಿಂದೆ, ಅದೂ ಎತ್ತರದಲ್ಲಿ. ಮುಂದಿನ ಫೋರ್ಕಿಗೆ ಲೋ-ರೈಡರ್ ಕ್ಯಾರಿಯರ್ ಹಾಕಿಸಿ. ಚೀಲಗಳು ಆಕ್ಸಲ್ ಮಟ್ಟದಲ್ಲಿ, ಎರಡೂ ಕಡೆ ಸಮತೂಕವಾಗಿ ಕೂರಬೇಕು. ಅಕ್ಕಿ, ಸ್ಟೌ, ಟೂಲ್ಸು ಮುಂದೆ ಹೋಗಲಿ. ಬಟ್ಟೆ, ಡೇರೆ ಹಿಂದೆ. ಹ್ಯಾಂಡಲ್ ಮೊದಲು ಸ್ವಲ್ಪ ಭಾರ ಅನ್ನಿಸುತ್ತೆ, ಅರ್ಧ ಗಂಟೆಗೆ ರೂಢಿಯಾಗುತ್ತೆ.

ಕ್ಯಾರಿಯರ್ ಸ್ಟೀಲಿನದೇ ಇರಲಿ. ಮುರಿದರೆ ಯಾವ ಊರಿನಲ್ಲಾದರೂ ಬೆಸುಗೆ ಹಾಕಿಸಬಹುದು, ಅಲ್ಯೂಮಿನಿಯಂ ಆದರೆ ಆ ಭಾಗ್ಯ ಇಲ್ಲ. ಬೋಲ್ಟ್ ಹಾಕುವಾಗ ಕ್ಯಾರಿಯರ್ ಕಾಲು ಫ್ರೇಮಿನ ಕಿವಿಗೆ (ಬೋಲ್ಟ್ ತೂತು ಇರುವ ಜಾಗ) ಅಂಟಿಕೊಂಡೇ ಕೂರಬೇಕು, ಮಡ್‌ಗಾರ್ಡ್ ಕಡ್ಡಿ ಅದರ ಹೊರಗೆ. ಮಡ್‌ಗಾರ್ಡ್ ಕಡ್ಡಿಯನ್ನು ಮಧ್ಯೆ ಸೇರಿಸಿದರೆ 5 ಮಿ.ಮೀ. ಬೋಲ್ಟ್ ಬಾಗಿ ಬಾಗಿ ತುಂಡಾಗುತ್ತೆ. ತುಂಡಾದ ಬೋಲ್ಟನ್ನು ಕಿವಿಯೊಳಗಿಂದ ತೆಗೆಯುವಷ್ಟು ದರಿದ್ರ ಕೆಲಸ ಸೈಕಲ್‌ನಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ನಾನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿ 1970ರ ದಶಕದ ಪೂಜೋ ಸೈಕಲ್ ಅಗ್ಗಕ್ಕೆ ಸಿಕ್ಕಿದೆ. ದಿನಸಿ ಹೊರಲು ಸಿದ್ಧ ಮಾಡಬೇಕು. ಬಿ.ಬಿ. ಬಿಚ್ಚಲು ಬರುತ್ತಿಲ್ಲ.
— ಧಾರವಾಡದ ವಿದ್ಯಾರ್ಥಿನಿ

ಉತ್ತರ: ನೀವು ಬಲಗಡೆಯ ಕಪ್ಪನ್ನು ಇಂಗ್ಲಿಷ್ ಸೈಕಲ್ ಲೆಕ್ಕದಲ್ಲಿ ಗಡಿಯಾರದ ದಿಕ್ಕಿಗೆ ತಿರುಗಿಸುತ್ತಿರಬೇಕು. ಆ ಕಾಲದ ಫ್ರೆಂಚ್ ಸೈಕಲ್‌ಗಳಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್ಡು, ಉಲ್ಟಾ ತಿರುಗಿಸಿ. ಅಳತೆಗಳೂ ಬೇರೆ. ಬಿ.ಬಿ. ಥ್ರೆಡ್ 35 ಮಿ.ಮೀ., ಹ್ಯಾಂಡಲ್ ಸ್ಟೆಮ್ 22.0, ಬೇರೆಯವರದು 22.2. ಆ ಸೊನ್ನೆ ಪಾಯಿಂಟ್ ಎರಡಕ್ಕೂ ಸ್ಟೆಮ್ ಒಳಗೆ ಹೋಗಲ್ಲ, ಸುತ್ತಿಗೆ ತಗೊಂಡು ಹೊಡೆಯಬೇಡಿ. ಇದೇ ಸೈಕಲ್ ಧಾರವಾಡದಲ್ಲಿ ಸಿಕ್ಕಿದ್ದರೆ ಬಿಟ್ಟುಬಿಡಿ ಅನ್ನುತ್ತಿದ್ದೆ. ಅಲ್ಲಿ ಹಳೇ ಸೈಕಲ್ ಬಿಚ್ಚಿದ ಬಿಡಿಭಾಗ ಸಿಗುವುದು ಸುಲಭ, ಹಾಗಾಗಿ ಮುಂದುವರಿಸಿ. ಇರುವ ಬಿ.ಬಿ.ಯನ್ನೇ ತೊಳೆದು, ಹೊಸ ಗುಂಡು, ಹೊಸ ಗ್ರೀಸು ಹಾಕಿ. ದಿನಸಿಗೆ ಅಷ್ಟು ಸಾಕು.

ಪ್ರಶ್ನೆ: ಹಳೇ ಟೂರಿಂಗ್ ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಬಹುದಾ? ಒಲೆಯ ಬಿಸಿಗೆ ಬೆಸುಗೆ ಬಿಡುತ್ತೆ ಅಂತ ಗೆಳೆಯ ಹೆದರಿಸುತ್ತಿದ್ದಾನೆ. ಜೊತೆಗೆ ಸೀಟಿನ ಕಂಬಿ ಒಳಗೇ ಹಿಡಿದುಕೊಂಡಿದೆ, ಅಲುಗುತ್ತಲೇ ಇಲ್ಲ.
— ಬೆಂಗಳೂರಿನ ಓದುಗರು

ಉತ್ತರ: ಬೆಸುಗೆ ಬಿಡಲ್ಲ. ಪೌಡರ್ ಒಲೆ ಸುಮಾರು 200 ಡಿಗ್ರಿ, ಬೆಸುಗೆ ಕರಗಲು 600 ದಾಟಬೇಕು. ಹೆದರಬೇಕಾದದ್ದು ಅದಕ್ಕೂ ಮೊದಲಿನ ಮರಳು ಹೊಡೆತಕ್ಕೆ. ಪೀಣ್ಯದಲ್ಲಿ ಗೇಟು, ಗ್ರಿಲ್ಲು ಬಣ್ಣ ಹಚ್ಚುವ ಕಡೆ ಕೊಟ್ಟರೆ ಅದೇ ಜೋರಿನಲ್ಲಿ ನಿಮ್ಮ ತೆಳು ಕೊಳವೆಗೂ ಹೊಡೆಯುತ್ತಾರೆ. ಸಣ್ಣ ಮರಳು, ಕಡಿಮೆ ಒತ್ತಡ ಅಂತ ನಿಂತು ಹೇಳಿ ಮಾಡಿಸಿ. ಬಿ.ಬಿ. ಥ್ರೆಡ್, ಹೆಡ್‌ಸೆಟ್ ಕೂರುವ ಜಾಗ, ಬೋಲ್ಟ್ ತೂತುಗಳನ್ನು ಟೇಪಿನಿಂದ ಮುಚ್ಚಿಸಿ. ಹಳೇ ಬಣ್ಣ ಮುಕ್ಕಾಲು ಪಾಲು ಚೆನ್ನಾಗಿದ್ದರೆ ನಾನಾದರೆ ಮುಟ್ಟುವುದೇ ಇಲ್ಲ. ತುಕ್ಕು ಹಿಡಿದ ಕಡೆ ಮಾತ್ರ ಉಜ್ಜಿ, ಪ್ರೈಮರ್ ಹಚ್ಚಿ, ಮೇಲೆ ಒಂದು ಕೋಟ್ ಬಣ್ಣ ಬಳಿದರೆ ಮುಗೀತು.

ಕಂಬಿ ಅಲ್ಯೂಮಿನಿಯಂ, ಕೊಳವೆ ಸ್ಟೀಲ್. ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ. ಫ್ರೇಮನ್ನು ತಲೆಕೆಳಗಾಗಿಟ್ಟು, ಬಿ.ಬಿ. ಕಡೆಯಿಂದ ಸೀಟ್ ಕೊಳವೆಯೊಳಗೆ ತುಕ್ಕು ಬಿಡಿಸುವ ಎಣ್ಣೆ ಹುಯ್ದು ಎರಡು ಮೂರು ದಿನ ಬಿಡಿ. ಆಮೇಲೆ ಕಂಬಿಯ ತಲೆಯನ್ನು ದೊಡ್ಡ ವೈಸಿನಲ್ಲಿ ಕಚ್ಚಿಸಿ, ಫ್ರೇಮನ್ನೇ ಹಿಡಿದು ತಿರುಗಿಸಿ. ಕಂಬಿ ಹಾಳಾಗುತ್ತೆ, ಹೋಗಲಿ ಬಿಡಿ, ಹೊಸದು ಸಿಗುತ್ತೆ. ಆದರೆ ಹಳೆಯದರ ಮೇಲೆ ಕೊರೆದಿರುವ ಅಳತೆಯನ್ನು ಬರೆದಿಟ್ಟುಕೊಂಡೇ ಅಂಗಡಿಗೆ ಹೋಗಿ. 27.2ರ ಜಾಗಕ್ಕೆ 27.0 ಕೊಟ್ಟರೆ ಬಿಗಿಯಾದಂತೆ ಕಾಣುತ್ತೆ, ಮೊದಲ ಹಂಪ್ಸ್‌ಗೇ ಸೀಟು ಕೆಳಗಿಳಿಯುತ್ತೆ.